ಪಾಠ ಯೋಜನೆಗೆ ಚಾಟ್‌ಬಾಟ್: ಏನನ್ನು ಕೇಳಬೇಕು, ಏನನ್ನು ಶಿಕ್ಷಕರೇ ನಿರ್ಧರಿಸಬೇಕು

‘ಐದನೆಯ ತರಗತಿಗೆ ದಶಮಾಂಶ ಸಂಖ್ಯೆಗಳ ಬಗ್ಗೆ 40 ನಿಮಿಷದ ಪಾಠ ಯೋಜನೆ ಬರೆದುಕೊಡು’ ಎಂದು ಚಾಟ್‌ಬಾಟನ್ನು ಕೇಳಿದರೆ, ಒಂದು ನಿಮಿಷ ಕಳೆಯುವ ಮುನ್ನವೇ ಕಲಿಕಾ ಉದ್ದೇಶ, ಬೇಕಾದ ಸಾಮಗ್ರಿ, ಪೀಠಿಕೆ, ಚಟುವಟಿಕೆ, ಮೌಲ್ಯಮಾಪನ, ಮನೆಗೆಲಸ ಎಂಬ ಶೀರ್ಷಿಕೆಗಳಡಿ ಒಪ್ಪವಾಗಿ ಜೋಡಿಸಿದ ಎರಡು ಪುಟ ತೆರೆಯ ಮೇಲೆ ಬಂದು ನಿಲ್ಲುತ್ತದೆ. ಮೇಲ್ನೋಟಕ್ಕೆ ಅದರಲ್ಲಿ ಕೊರತೆಯೇನೂ ಕಾಣುವುದಿಲ್ಲ. ತಪಾಸಣೆಗೆ ಬಂದವರ ಮುಂದಿಟ್ಟರೂ ಅದು ನಡೆದುಹೋಗುತ್ತದೆ. ಆದರೆ ಅದನ್ನು ಹಿಡಿದು ತರಗತಿಗೆ ಹೋದವರಿಗೆ ಬೇಗನೆ ಗೊತ್ತಾಗುವ ಸಂಗತಿಯೆಂದರೆ, ದಶಮಾಂಶದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಎಡವಿದಾಗ ಯಾವ ಪ್ರಶ್ನೆ ಕೇಳಬೇಕು, ಯಾವ ಉದಾಹರಣೆಯನ್ನು ಮೊದಲು ಕೊಡಬೇಕು ಎಂಬ ವಿಷಯಗಳಲ್ಲಿ ಆ ಎರಡು ಪುಟಗಳು ಏನನ್ನೂ ಹೇಳಿಲ್ಲ.

ಹಾಗೆಂದು ಈ ಸಾಧನದಿಂದ ಉಪಯೋಗವಿಲ್ಲ ಎನ್ನಲಾಗದು. ಇಡೀ ಯೋಜನೆಯನ್ನು ಅದರಿಂದಲೇ ಬರೆಸಿಕೊಂಡಾಗ ಸಿಗುವ ಪ್ರಯೋಜನ ಅಲ್ಪ. ಗುರಿಯನ್ನು ಶಿಕ್ಷಕರೇ ನಿರ್ಧರಿಸಿಕೊಂಡು, ಮಕ್ಕಳಿಂದ ಬರಬಹುದಾದ ತಪ್ಪು ಉತ್ತರಗಳನ್ನು ಮೊದಲೇ ಕಂಡುಕೊಳ್ಳಲು, ಉದಾಹರಣೆಗಳನ್ನು ಹೆಚ್ಚಿಸಿಕೊಳ್ಳಲು, ಪ್ರಶ್ನೆಗಳನ್ನು ತಿದ್ದಿಕೊಳ್ಳಲು ಅದನ್ನು ಬಳಸಿದಾಗ ಸಿಗುವ ಪ್ರಯೋಜನ ಅದಕ್ಕಿಂತ ಬಹಳ ದೊಡ್ಡದು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ತಿಳಿಯಬೇಕಾದರೆ ಯಂತ್ರ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

2022ರ ನವೆಂಬರ್ 30ರಂದು ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಯನ್ನು ಸಾರ್ವಜನಿಕ ಬಳಕೆಗೆ ಬಿಟ್ಟ ಮೇಲೆ ಇಂಥ ಚಾಟ್‌ಬಾಟ್‌ಗಳು ಮನೆಮಾತಾದವು. ಅದಾಗಲಿ, ಅನಂತರ ಬಂದ ಜೆಮಿನಿ, ಕ್ಲಾಡ್ ಮುಂತಾದವಾಗಲಿ, ನಿಂತಿರುವುದು ಗೂಗಲ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸದ ಮೇಲೆ. ಅಪಾರ ಪ್ರಮಾಣದ ಬರಹವನ್ನು ಓದಿಸಿ, ಒಂದು ವಾಕ್ಯದಲ್ಲಿ ಇಲ್ಲಿಯವರೆಗೆ ಬಂದಿರುವ ಪದಗಳನ್ನು ನೋಡಿ ಮುಂದೆ ಬರಬಹುದಾದ ತುಣುಕು ಯಾವುದೆಂದು ಊಹಿಸಲು ಈ ಭಾಷಾ ಮಾದರಿಗಳಿಗೆ ತರಬೇತಿ ಕೊಡಲಾಗುತ್ತದೆ. ಆ ಬಳಿಕ, ಮನುಷ್ಯರು ಯಾವ ಉತ್ತರವನ್ನು ಮೆಚ್ಚುತ್ತಾರೆ ಎಂಬುದರ ಆಧಾರದಲ್ಲಿ ಮತ್ತೊಂದು ಸುತ್ತಿನ ತಿದ್ದುಪಡಿ ನಡೆಯುತ್ತದೆ. ಮೊದಲ ಹಂತದಿಂದಾಗಿ, ವಿವರಗಳಿಲ್ಲದ ಪ್ರಶ್ನೆಗೆ ಎಲ್ಲೆಡೆ ಕಾಣಸಿಗುವಂಥ ಸರಾಸರಿ ಉತ್ತರವೇ ಬರುತ್ತದೆ. ಪಾಠ ಯೋಜನೆ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಇರುವ ಬರಹಗಳೆಲ್ಲ ಹೇಗಿವೆಯೋ ಅದೇ ಅಚ್ಚಿನಲ್ಲಿ ಇನ್ನೊಂದು ಸಿದ್ಧವಾಗುತ್ತದೆ. ಎರಡನೆಯ ಹಂತದಿಂದಾಗಿ, ಯಂತ್ರಕ್ಕೆ ಕೇಳಿದವರ ಮಾತಿಗೆ ಒಪ್ಪಿಕೊಳ್ಳುವ ಸ್ವಭಾವ ಬಂದಿರುತ್ತದೆ. ‘ಈ ಯೋಜನೆ ಚೆನ್ನಾಗಿದೆಯೇ?’ ಎಂದರೆ ಬಹುಪಾಲು ಹೌದು ಎನ್ನುತ್ತದೆ. ‘ಇದರಲ್ಲಿರುವ ಮೂರು ದೊಡ್ಡ ದೋಷಗಳೇನು?’ ಎಂದರೆ ಅದೇ ಯೋಜನೆಯಲ್ಲಿ ಮೂರು ದೋಷಗಳನ್ನು ಹುಡುಕಿ ಕೊಡುತ್ತದೆ. ಎರಡನೆಯ ಬಗೆಯ ಪ್ರಶ್ನೆಯಿಂದ ಆಗುವ ಉಪಯೋಗವೇ ಹೆಚ್ಚು.

ಸಮಯ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗದಿಂದ ತಕ್ಕಮಟ್ಟಿನ ಉತ್ತರ ಸಿಕ್ಕಿದೆ. ಅಲ್ಲಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 68 ಮಾಧ್ಯಮಿಕ ಶಾಲೆಗಳ 259 ವಿಜ್ಞಾನ ಶಿಕ್ಷಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಚಾಟ್‌ಜಿಪಿಟಿಯನ್ನು ಬಳಸುವ ಕೈಪಿಡಿಯನ್ನು ಕೊಟ್ಟು, ಇನ್ನೊಂದು ಗುಂಪು ಇಂಥ ಸಾಧನಗಳನ್ನು ಬಳಸದಂತೆ ಕೇಳಿಕೊಳ್ಳಲಾಯಿತು. ಬಳಸದ ಗುಂಪಿಗೆ ಪಾಠದ ಸಿದ್ಧತೆಗೆ ವಾರಕ್ಕೆ ಸರಾಸರಿ 81.5 ನಿಮಿಷ ಬೇಕಾದರೆ, ಬಳಸಿದ ಗುಂಪಿಗೆ 56.2 ನಿಮಿಷ ಸಾಕಾಯಿತು. ಅಂದರೆ ಸುಮಾರು ಶೇ. 31ರಷ್ಟು ಉಳಿತಾಯ. ಎರಡೂ ಗುಂಪುಗಳ ಪಾಠ ಸಾಮಗ್ರಿಯನ್ನು ಯಾರದೆಂದು ತಿಳಿಯದಂತೆ ತಜ್ಞರ ಮುಂದಿಟ್ಟಾಗ ಗುಣಮಟ್ಟದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ಅಂಕಿಗಳನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಕೈಪಿಡಿಯ ವಿಚಾರವನ್ನು ಬಿಟ್ಟುಬಿಡುತ್ತಾರೆ. ಆ ಶಿಕ್ಷಕರ ಕೈಗೆ ಬರಿಯ ಚಾಟ್‌ಬಾಟನ್ನು ಕೊಟ್ಟು ಬಿಟ್ಟಿರಲಿಲ್ಲ, ಅದರಿಂದ ಕೆಲಸ ತೆಗೆಯುವ ಕ್ರಮವನ್ನೂ ತಿಳಿಸಲಾಗಿತ್ತು. ಅಲ್ಲದೆ ಪ್ರಯೋಗ ಮುಖ್ಯವಾಗಿ ಅಳೆಯಹೊರಟದ್ದು ಶಿಕ್ಷಕರ ಸಮಯವನ್ನೇ ಹೊರತು ಮಕ್ಕಳ ಕಲಿಕೆಯನ್ನಲ್ಲ.

ಹಾಗಾದರೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? ಅಮೆರಿಕದ ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮೆಕ್‌ಟೈ ಎಂಬ ಶಿಕ್ಷಣತಜ್ಞರು 1998ರಲ್ಲಿ ವಿವರಿಸಿದ ಹಿಮ್ಮುಖ ವಿನ್ಯಾಸದ ಕ್ರಮ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಪಾಠ ಮುಗಿದಾಗ ಮಕ್ಕಳಿಗೆ ಏನು ಬರಬೇಕು ಎಂಬುದನ್ನು ಮೊದಲು ತೀರ್ಮಾನಿಸುವುದು, ಅದು ಬಂದಿದೆ ಎಂಬುದಕ್ಕೆ ಯಾವ ಪುರಾವೆ ಸಾಕು ಎಂಬುದನ್ನು ಆಮೇಲೆ ಗೊತ್ತುಮಾಡುವುದು, ಚಟುವಟಿಕೆಗಳನ್ನು ಕೊನೆಯಲ್ಲಿ ಆರಿಸುವುದು. ಚಾಟ್‌ಬಾಟ್‌ಗಳಿಗೆ ಸುಲಭವಾಗುವುದು ಇದರ ಕೊನೆಯ ಹಂತ. ಅದಕ್ಕೇ ಕೇಳಿದ ಕೂಡಲೇ ಆಟ, ಗುಂಪು ಚರ್ಚೆ, ಭಿತ್ತಿಚಿತ್ರ ಎಂದು ಚಟುವಟಿಕೆಗಳ ರಾಶಿ ಸುರಿಸುತ್ತವೆ. ಮೊದಲ ಎರಡು ಹಂತಗಳನ್ನು ಶಿಕ್ಷಕರು ತಾವೇ ಕಾಗದದ ಮೇಲೆ ಬರೆದುಕೊಂಡು ಆಮೇಲೆ ಯಂತ್ರದ ಮುಂದೆ ಕೂತರೆ ಈ ರಾಶಿಯಲ್ಲಿ ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ಆರಿಸಲು ಅಳತೆಗೋಲೊಂದು ಕೈಯಲ್ಲಿರುತ್ತದೆ. ‘ಮಕ್ಕಳು ದಶಮಾಂಶಗಳನ್ನು ಅರ್ಥಮಾಡಿಕೊಳ್ಳುವರು’ ಎಂಬುದು ಇಂಥ ಅಳತೆಗೋಲಾಗದು. ‘ದಶಮಾಂಶ ಬಿಂದುವಿನ ಬಲಗಡೆ ಬೇರೆ ಬೇರೆ ಸಂಖ್ಯೆಯ ಅಂಕಿಗಳಿರುವ ಎರಡು ಸಂಖ್ಯೆಗಳನ್ನು ಕೊಟ್ಟರೆ, ಯಾವುದು ದೊಡ್ಡದೆಂದು ಸ್ಥಾನಬೆಲೆಯ ಆಧಾರದಲ್ಲಿ ಕಾರಣ ಸಹಿತ ಹೇಳುವರು’ ಎಂಬುದಾಗುತ್ತದೆ.

ಇದೇ ಗುರಿಯನ್ನು ಹಿಡಿದು ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ದಶಮಾಂಶಗಳನ್ನು ಹೋಲಿಸುವಾಗ ಮಕ್ಕಳು ಮಾಡುವ ತಪ್ಪುಗಳ ಬಗ್ಗೆ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ, ವಿಕಿ ಸ್ಟೈನ್ಲೆ ಮೊದಲಾದವರು ವಿಸ್ತಾರವಾದ ಅಧ್ಯಯನ ನಡೆಸಿದ್ದಾರೆ. ಆ ತಪ್ಪುಗಳಲ್ಲಿ ಎರಡು ಬಗೆ ಮುಖ್ಯ. ಕೆಲವು ಮಕ್ಕಳು ಬಿಂದುವಿನ ಬಲಗಡೆಯ ಅಂಕಿಗಳನ್ನು ಪೂರ್ಣಸಂಖ್ಯೆಯಂತೆ ಓದಿ, 125 ಎಂಬುದು 6ಕ್ಕಿಂತ ದೊಡ್ಡದಾದ್ದರಿಂದ 0.125 ಎಂಬುದು 0.6ಕ್ಕಿಂತ ದೊಡ್ಡದೆನ್ನುತ್ತಾರೆ; ಇವರ ಲೆಕ್ಕದಲ್ಲಿ ಉದ್ದವಾದದ್ದೇ ದೊಡ್ಡದು. ಇನ್ನು ಕೆಲವರು ಇದಕ್ಕೆ ವಿರುದ್ಧ: ಸಹಸ್ರಾಂಶವು ದಶಾಂಶಕ್ಕಿಂತ ಚಿಕ್ಕದೆಂಬ ಸರಿಯಾದ ತಿಳಿವಳಿಕೆಯನ್ನೇ ಅತಿಯಾಗಿ ಎಳೆದು, ಬಲಗಡೆ ಹೆಚ್ಚು ಅಂಕಿಗಳಿದ್ದರೆ ಸಂಖ್ಯೆ ಚಿಕ್ಕದೇ ಆಗಿರಬೇಕು ಎಂದು ತೀರ್ಮಾನಿಸಿರುತ್ತಾರೆ.

ಈಗ ಚಾಟ್‌ಬಾಟ್‌ಗೆ ‘ದಶಮಾಂಶ ಹೋಲಿಕೆಯ ಮೇಲೆ ಬಹು ಆಯ್ಕೆಯ ಪ್ರಶ್ನೆ ಕೊಡು’ ಎಂದಷ್ಟೇ ಹೇಳಿದರೆ ಬರಬಹುದಾದ ಪ್ರಶ್ನೆಯೊಂದನ್ನು ಊಹಿಸಿಕೊಳ್ಳಿ: 0.6, 0.35, 0.125 ಇವುಗಳಲ್ಲಿ ಅತಿ ದೊಡ್ಡದು ಯಾವುದು? ಸರಿಯುತ್ತರ 0.6. ಉದ್ದವಾದದ್ದು ದೊಡ್ಡದೆನ್ನುವ ಮಗು 0.125 ಆರಿಸಿ ಸಿಕ್ಕಿಬೀಳುತ್ತದೆ, ಸರಿ. ಆದರೆ ಕಡಿಮೆ ಅಂಕಿಗಳಿರುವುದೇ ದೊಡ್ಡದೆನ್ನುವ ಮಗುವೂ 0.6 ಎಂದೇ ಹೇಳುತ್ತದೆ. ಕಾರಣ ಪೂರ್ತಿ ತಪ್ಪಾಗಿದ್ದರೂ ಅದಕ್ಕೆ ಪೂರ್ಣ ಅಂಕ. ತರಗತಿಯ ಮುಕ್ಕಾಲು ಪಾಲು ಮಕ್ಕಳು ಸರಿಯುತ್ತರ ಬರೆದರೆಂದು ಶಿಕ್ಷಕರು ಮುಂದಿನ ಪಾಠಕ್ಕೆ ಹೋಗುತ್ತಾರೆ. ಪ್ರಶ್ನೆಯಲ್ಲಿ ವ್ಯಾಕರಣದ ತಪ್ಪಿಲ್ಲ, ಲೆಕ್ಕದ ತಪ್ಪಿಲ್ಲ; ಆದರೂ ಅದು ಮಾಡಬೇಕಾದ ಕೆಲಸವನ್ನು ಅರ್ಧ ಮಾತ್ರ ಮಾಡಿದೆ. ಇದೇ ಪ್ರಶ್ನೆಯನ್ನು 0.4, 0.75, 0.625 ಎಂದು ಬದಲಿಸಿದರೆ ಮೂರು ಬಗೆಯ ಯೋಚನೆಗಳು ಮೂರು ದಾರಿ ಹಿಡಿಯುತ್ತವೆ: ಉದ್ದವನ್ನು ನೋಡುವವರು 0.625, ಅದರ ವಿರುದ್ಧ ಯೋಚಿಸುವವರು 0.4, ಸ್ಥಾನಬೆಲೆ ತಿಳಿದವರು 0.75 ಆರಿಸುತ್ತಾರೆ. ಉತ್ತರಪತ್ರಿಕೆಯ ಮೇಲೆ ಕಣ್ಣಾಡಿಸಿದರೆ ಸಾಕು, ಯಾರಿಗೆ ಯಾವ ನೆರವು ಬೇಕೆಂಬುದು ಗೊತ್ತಾಗುತ್ತದೆ.

ಈ ಎರಡನೆಯ ಬಗೆಯ ಪ್ರಶ್ನೆಯನ್ನು ಪಡೆಯಲು ಹೀಗೆ ಕೇಳಬಹುದು: ‘ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ದಶಮಾಂಶ ಸಂಖ್ಯೆಗಳ ಹೋಲಿಕೆ ಕಲಿಸುತ್ತಿದ್ದೇನೆ. ದಶಾಂಶ, ಶತಾಂಶ ಸ್ಥಾನಗಳು ಅವರಿಗೆ ಗೊತ್ತು, ಸಹಸ್ರಾಂಶ ಹೊಸದು. ಉದ್ದವಾದದ್ದು ದೊಡ್ಡದು, ಕಡಿಮೆ ಅಂಕಿಗಳಿರುವುದು ದೊಡ್ಡದು ಎಂಬ ಎರಡು ತಪ್ಪು ಕಲ್ಪನೆಗಳು ಇರಬಹುದು. ಮೂರು ಆಯ್ಕೆಗಳಿರುವ ಆರು ಪ್ರಶ್ನೆ ಬರೆ. ಪ್ರತಿ ಪ್ರಶ್ನೆಯಲ್ಲೂ ಒಂದು ಆಯ್ಕೆ ಸರಿಯುತ್ತರವಾಗಿರಲಿ, ಉಳಿದೆರಡು ಈ ಎರಡು ತಪ್ಪು ಕಲ್ಪನೆಗಳಿಂದ ಬರುವ ಉತ್ತರಗಳಾಗಿರಲಿ. ಯಾವ ಆಯ್ಕೆ ಯಾವ ಯೋಚನೆಯಿಂದ ಬರುತ್ತದೆಂದು ಪಕ್ಕದಲ್ಲಿ ಬರೆ.’ ಕೊನೆಯ ವಾಕ್ಯ ಬಹಳ ಮುಖ್ಯ. ಯಂತ್ರ ಪಕ್ಕದಲ್ಲಿ ಬರೆದ ಕಾರಣವನ್ನೂ ಸಂಖ್ಯೆಗಳನ್ನೂ ತಾಳೆ ನೋಡಿದರೆ, ಆರರಲ್ಲಿ ಯಾವುದು ಕೆಟ್ಟಿದೆಯೆಂದು ಕಂಡುಹಿಡಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಮತ್ತು ಒಂದಾದರೂ ಕೆಟ್ಟಿರಬಹುದು ಎಂದುಕೊಂಡೇ ನೋಡುವುದು ಒಳ್ಳೆಯದು.

ಈ ಕೋರಿಕೆಯಲ್ಲಿ ಜಾಣ್ಮೆಯ ಮಂತ್ರಗಳೇನೂ ಇಲ್ಲ ಎಂಬುದನ್ನು ಗಮನಿಸಬೇಕು. ಪ್ರಾಂಪ್ಟ್, ಅಂದರೆ ಚಾಟ್‌ಬಾಟ್‌ಗೆ ಕೊಡುವ ಕೋರಿಕೆ, ಬರೆಯುವ ಕಲೆಯೆಂದು ಈಗ ಪ್ರತ್ಯೇಕ ತರಬೇತಿಗಳೇ ನಡೆಯುತ್ತಿವೆ. ‘ನೀನು ಜಗತ್ತಿನ ಶ್ರೇಷ್ಠ ಶಿಕ್ಷಕ’ ಎಂದು ಆರಂಭಿಸಬೇಕೆಂಬಂಥ ಸಲಹೆಗಳು ಅಲ್ಲಿ ಕೇಳಿಬರುತ್ತವೆ. ನನ್ನ ಮಟ್ಟಿಗೆ ಅಂಥ ಪೀಠಿಕೆಗಿಂತ, ಮಕ್ಕಳಿಗೆ ಈಗಾಗಲೇ ಏನು ಗೊತ್ತು, ಏನು ಗೊತ್ತಿಲ್ಲ, ಎಲ್ಲಿ ತಪ್ಪುತ್ತಾರೆ, ಕೊಠಡಿಯಲ್ಲಿ ಏನೇನು ಸಾಮಗ್ರಿ ಇದೆ ಎಂಬ ನಾಲ್ಕು ಸಾಲುಗಳ ಬೆಲೆ ಹೆಚ್ಚು. ಆ ನಾಲ್ಕು ಸಾಲುಗಳನ್ನು ಬರೆಯಬಲ್ಲವರು ಆ ತರಗತಿಯ ಶಿಕ್ಷಕರು ಮಾತ್ರ. ತಪ್ಪು ಕಲ್ಪನೆಗಳು ಯಾವುವೆಂದು ಮುಂಚೆ ತಿಳಿಯದಿದ್ದರೆ ಅದನ್ನೇ ಮೊದಲ ಪ್ರಶ್ನೆಯಾಗಿ ಕೇಳಬಹುದು; ಪ್ರಸಿದ್ಧ ಪಠ್ಯವಿಷಯಗಳಲ್ಲಿ ಮಕ್ಕಳ ತಪ್ಪುಗಳ ಬಗ್ಗೆ ಸಾಕಷ್ಟು ಬರಹಗಳಿರುವುದರಿಂದ ಆ ಪಟ್ಟಿ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ.

ಸಮಯದ ಹಂಚಿಕೆಯಲ್ಲಿ ಮಾತ್ರ ಚಾಟ್‌ಬಾಟನ್ನು ನಂಬುವಂತಿಲ್ಲ. ಐದು ನಿಮಿಷದಲ್ಲಿ ಗುಂಪು ರಚನೆ, ಹತ್ತು ನಿಮಿಷದಲ್ಲಿ ಎಂಟು ಗುಂಪುಗಳ ಮಂಡನೆ ಎಂದೆಲ್ಲ ಅದು ನಿಶ್ಚಿಂತೆಯಿಂದ ಬರೆಯುತ್ತದೆ. ಎಂಟು ಗುಂಪುಗಳು ಒಂದೊಂದೂ ಎರಡೇ ನಿಮಿಷ ಮಾತಾಡಿದರೂ ಹದಿನಾರು ನಿಮಿಷವಾಗುತ್ತದೆ. ಬೆಂಚುಗಳನ್ನು ಸರಿಸುವ ಗದ್ದಲದ ಲೆಕ್ಕ ಬೇರೆ. ಚಟುವಟಿಕೆ ಒಳ್ಳೆಯದೆನಿಸಿದರೆ ಇಟ್ಟುಕೊಂಡು, ನಿಮಿಷಗಳನ್ನು ಅಳಿಸಿ, ಅನುಭವದ ಮೇಲೆ ಹೊಸದಾಗಿ ಬರೆದುಕೊಳ್ಳುವುದೇ ಸರಿ.

ಚಾಟ್‌ಬಾಟ್‌ಗಳು ಇಲ್ಲದ್ದನ್ನು ಇದೆಯೆಂದು ಹೇಳುತ್ತವೆ ಎಂಬ ಎಚ್ಚರಿಕೆ ಈಗ ಎಲ್ಲರಿಗೂ ಪರಿಚಿತ. ಇಲ್ಲದ ಪುಸ್ತಕದ ಹೆಸರು, ಯಾರೂ ಆಡದ ಉಕ್ತಿ, ತಪ್ಪಾದ ಇಸವಿ, ಪ್ರಶ್ನೆ ಸರಿಯಿದ್ದು ಉತ್ತರಸೂಚಿಯಲ್ಲಿ ಲೆಕ್ಕ ತಪ್ಪಿರುವುದು, ಇವನ್ನೆಲ್ಲ ಪಠ್ಯಪುಸ್ತಕದೊಂದಿಗೆ ಹೋಲಿಸಿ ತಿದ್ದಬಹುದು. ಪಾಠದ ಪುಟಗಳನ್ನೇ ಕೊಟ್ಟು ‘ಇದರೊಳಗಿರುವುದನ್ನು ಮಾತ್ರ ಬಳಸು’ ಎಂದರೆ ಇಂಥ ತಪ್ಪುಗಳು ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. ಆದರೆ ಶಿಕ್ಷಕರ ಕಣ್ಣು ತಪ್ಪಿಸಿಕೊಳ್ಳುವ ಇನ್ನೊಂದು ಬಗೆಯ ತಪ್ಪಿದೆ. ಅಲ್ಲಿ ಬರೆದ ಮಾತು ಸರಿಯಾಗಿಯೇ ಇರುತ್ತದೆ, ಸೂಚಿಸಿದ ಚಟುವಟಿಕೆ ಮಾತ್ರ ತಪ್ಪನ್ನು ಕಲಿಸುತ್ತದೆ. ಋತುಗಳ ಪಾಠವನ್ನೇ ತೆಗೆದುಕೊಳ್ಳಿ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ಋತುಗಳು ಆಗುತ್ತವೆ ಎಂದು ಯೋಜನೆಯಲ್ಲಿ ಸರಿಯಾಗಿ ಬರೆದಿದ್ದು, ಚಟುವಟಿಕೆಯಲ್ಲಿ ಮಾತ್ರ ‘ಮಧ್ಯದಲ್ಲಿ ದೀಪವಿಟ್ಟು, ನೆಲದ ಮೇಲೆ ಉದ್ದನೆಯ ಮೊಟ್ಟೆಯಾಕಾರದ ಗೆರೆ ಎಳೆದು, ಗೋಳ ಹಿಡಿದ ಮಗುವನ್ನು ಅದರ ಮೇಲೆ ನಡೆಸಿ’ ಎಂದಿದ್ದರೆ, ಮಕ್ಕಳ ನೆನಪಿನಲ್ಲಿ ಉಳಿಯುವುದು ಆ ಗೆರೆ. ದೀಪದ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂಬ ತಪ್ಪು ತಿಳಿವಳಿಕೆ ಗಟ್ಟಿಯಾಗುತ್ತದೆ. ವಾಸ್ತವದಲ್ಲಿ ಭೂಮಿಯ ಕಕ್ಷೆ ಬಹುತೇಕ ವೃತ್ತವೇ. ಸೂರ್ಯನಿಂದ ಭೂಮಿಗಿರುವ ದೂರ ಸುಮಾರು 14.7 ಕೋಟಿ ಕಿಲೋಮೀಟರಿನಿಂದ 15.2 ಕೋಟಿ ಕಿಲೋಮೀಟರಿನ ನಡುವೆ ಬದಲಾಗುತ್ತದೆ, ಮತ್ತು ಭೂಮಿ ಸೂರ್ಯನಿಗೆ ಅತಿ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ, ಅಂದರೆ ಉತ್ತರಾರ್ಧಗೋಳಕ್ಕೆ ಚಳಿಗಾಲವಿರುವಾಗ. ಆದ್ದರಿಂದ ಚಟುವಟಿಕೆಯನ್ನು ಒಪ್ಪಿಕೊಳ್ಳುವ ಮುನ್ನ ‘ಇದನ್ನು ನೋಡಿದ ಮಗು ತಪ್ಪಾಗಿ ಏನನ್ನು ಕಲಿಯಬಹುದು?’ ಎಂದು ಯಂತ್ರವನ್ನೂ ಕೇಳಬೇಕು, ತಮ್ಮನ್ನು ತಾವೂ ಕೇಳಿಕೊಳ್ಳಬೇಕು.

ಒಂದೇ ಪಠ್ಯಭಾಗವನ್ನು ಮೂರು ಹಂತದ ಓದುಗರಿಗೆ ತಕ್ಕಂತೆ ಬರೆಸಿಕೊಳ್ಳುವುದು ಈ ಸಾಧನದ ಜನಪ್ರಿಯ ಬಳಕೆಗಳಲ್ಲೊಂದು, ಮತ್ತು ಕೈಯಿಂದ ಮಾಡಲು ಬಹಳ ಶ್ರಮ ಬೇಕಾಗುವ ಕೆಲಸವಾದ್ದರಿಂದ ಇಲ್ಲಿ ನಿಜಕ್ಕೂ ಹೊರೆ ಇಳಿಯುತ್ತದೆ. ಆದರೆ ವಾಕ್ಯಗಳನ್ನು ಸರಳಗೊಳಿಸುವ ಭರದಲ್ಲಿ ‘ಹೆಚ್ಚಿನ’, ‘ಸಾಮಾನ್ಯವಾಗಿ’, ‘ಕೆಲವು ಸಂದರ್ಭಗಳಲ್ಲಿ’ ಎಂಬ ಮಾತುಗಳು ಮೊದಲು ಉದುರುತ್ತವೆ. ‘ಹೆಚ್ಚಿನ ಸಸ್ಯಗಳು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ’ ಎಂಬುದು ಸರಳರೂಪದಲ್ಲಿ ‘ಸಸ್ಯಗಳು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ’ ಎಂದಾದರೆ, ಮುಂದೆ ಪರಾವಲಂಬಿ ಸಸ್ಯಗಳ ಪಾಠ ಬಂದಾಗ ಆ ಮಕ್ಕಳು ಮಾತ್ರ ಗೊಂದಲಕ್ಕೆ ಬೀಳುತ್ತಾರೆ. ಮೂರು ರೂಪಗಳನ್ನೂ ಅಕ್ಕಪಕ್ಕ ಇಟ್ಟು ಓದದೆ ಹಂಚಬಾರದು.

ತರಗತಿಗೆ ಮುಂಚಿನ ತಾಲೀಮಿಗೂ ಚಾಟ್‌ಬಾಟ್ ಒದಗುತ್ತದೆ. ‘ಉದ್ದವಾದ ದಶಮಾಂಶವೇ ದೊಡ್ಡದೆಂದು ನಂಬಿರುವ ಹತ್ತು ವರ್ಷದ ಮಗುವಿನಂತೆ ಉತ್ತರಿಸು, ನಾನು ವಿವರಿಸುತ್ತೇನೆ’ ಎಂದು ಹೇಳಿ, ತಾವು ಕೊಡಬೇಕೆಂದಿರುವ ವಿವರಣೆಯನ್ನು ಅದರ ಮೇಲೆ ಪ್ರಯೋಗಿಸಿ ನೋಡಬಹುದು. ಒಂದೇ ತೊಂದರೆಯೆಂದರೆ ಈ ಕಲ್ಪಿತ ಮಗು ಬಹಳ ವಿಧೇಯ. ಎರಡನೆಯ ವಾಕ್ಯಕ್ಕೇ ‘ಓ, ಈಗ ಅರ್ಥವಾಯಿತು!’ ಎಂದುಬಿಡುತ್ತದೆ. ‘ಕನಿಷ್ಠ ಐದು ಸಲ ನಿನ್ನ ನಂಬಿಕೆಯನ್ನು ಬಿಡಬೇಡ, ಪ್ರತಿ ಸಲವೂ ಹೊಸ ಕಾರಣ ಕೊಡು’ ಎಂದು ಮೊದಲೇ ಕಟ್ಟುಮಾಡಿದರೆ ಸಂವಾದ ನಿಜದ ಮಗುವಿನ ಹಟಕ್ಕೆ ಸ್ವಲ್ಪ ಹತ್ತಿರವಾಗುತ್ತದೆ.

ಅಂತರ್ಜಾಲದಲ್ಲಿ ಕಡಿಮೆ ಬರಹವಿರುವ ಭಾಷೆಗಳಲ್ಲಿ ಪಾಠ ಮಾಡುವವರಿಗೆ ಇನ್ನೊಂದು ಜವಾಬ್ದಾರಿ ಹೆಚ್ಚುತ್ತದೆ. ಮಾದರಿಗಳ ತರಬೇತಿಯಲ್ಲಿ ಇಂಗ್ಲಿಷಿನ ಪಾಲು ಬಹಳ ದೊಡ್ಡದಾದ್ದರಿಂದ, ಕನ್ನಡದಂಥ ಭಾಷೆಗಳಲ್ಲಿ ಉತ್ತರ ಬಂದಾಗ ವಾಕ್ಯರಚನೆ ಬಿಗಿಯಾಗಿರುವುದೂ, ಪಠ್ಯಪುಸ್ತಕದಲ್ಲಿಲ್ಲದ ಪಾರಿಭಾಷಿಕ ಪದಗಳು ನುಸುಳುವುದೂ ಉಂಟು. ಪಾಠದಲ್ಲಿ ಬರುವ ಹತ್ತು ಹದಿನೈದು ಪಾರಿಭಾಷಿಕ ಪದಗಳನ್ನು ಮೊದಲೇ ಪಟ್ಟಿಮಾಡಿ ಕೊಟ್ಟರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಭಾಷೆಯನ್ನು ಮಾತ್ರ ಸಾಲು ಸಾಲಾಗಿ ತಿದ್ದಲೇಬೇಕು.

ಮಕ್ಕಳ ಮಾಹಿತಿಯ ವಿಷಯದಲ್ಲಿ ರಾಜಿಗೆ ಅವಕಾಶವಿಲ್ಲ. ಹೆಸರು, ಅಂಕಪಟ್ಟಿ, ಆರೋಗ್ಯ ಅಥವಾ ಅಂಗವೈಕಲ್ಯದ ವಿವರ, ಮನೆಯ ಪರಿಸ್ಥಿತಿ, ಮಗುವಿನ ಕೈಬರಹದ ಫೋಟೋ, ಇವಾವುದನ್ನೂ ಸಾರ್ವಜನಿಕ ಚಾಟ್‌ಬಾಟ್‌ಗೆ ಕೊಡಬಾರದು. ಅಲ್ಲಿ ಬರೆದದ್ದನ್ನು ಸೇವೆ ಕೊಡುವ ಸಂಸ್ಥೆ ಉಳಿಸಿಕೊಳ್ಳಬಹುದು, ಆಯ್ಕೆ ಬದಲಿಸದಿದ್ದರೆ ಮುಂದಿನ ತರಬೇತಿಗೂ ಬಳಸಿಕೊಳ್ಳಬಹುದು. ‘ಓದುವುದರಲ್ಲಿ ಎರಡು ವರ್ಷ ಹಿಂದಿರುವ ನಾಲ್ವರು ಮಕ್ಕಳಿದ್ದಾರೆ’ ಎಂಬಷ್ಟು ವಿವರ ಯೋಜನೆಗೆ ಸಾಕು. ಶಿಕ್ಷಕರು ಬಳಸುವುದು ಬೇರೆ, ಮಕ್ಕಳ ಕೈಗೆ ಕೊಡುವುದು ಬೇರೆ ಎಂಬುದನ್ನೂ ನೆನಪಿಡಬೇಕು: ಯುನೆಸ್ಕೊ 2023ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ತರಗತಿಯಲ್ಲಿ ಇಂಥ ಸಾಧನಗಳನ್ನು ಬಳಸಲು 13 ವರ್ಷದ ಕನಿಷ್ಠ ವಯೋಮಿತಿ ಇರಬೇಕೆಂದು ಸಲಹೆ ಮಾಡಿದೆ.

ವೃತ್ತಿಗೆ ಹೊಸದಾಗಿ ಬಂದವರ ವಿಷಯದಲ್ಲಿ ನನಗೆ ಸ್ವಲ್ಪ ಹಿಂಜರಿಕೆಯಿದೆ. ಅನುಭವಿಗಳು ಯಂತ್ರದ ಯೋಜನೆಯಲ್ಲಿ ಏನಿಲ್ಲವೆಂದು ನೋಡಿದ ಕೂಡಲೇ ಹೇಳಬಲ್ಲರು, ಏಕೆಂದರೆ ವರ್ಷಗಟ್ಟಲೆ ತಾವೇ ಬರೆದು, ತರಗತಿಯಲ್ಲಿ ಸೋತು, ಮತ್ತೆ ತಿದ್ದಿ ಆ ಕಣ್ಣನ್ನು ಪಡೆದಿರುತ್ತಾರೆ. ಹೊಸಬರು ಮೊದಲ ದಿನದಿಂದಲೇ ಸಿದ್ಧ ಯೋಜನೆಗಳನ್ನು ತೆಗೆದುಕೊಳ್ಳತೊಡಗಿದರೆ ಆ ಕಣ್ಣು ಬೆಳೆಯಲು ಅವಕಾಶವೇ ಸಿಗುವುದಿಲ್ಲ. ಅವರು ಮೊದಲು ಒರಟಾಗಿಯಾದರೂ ತಾವೇ ಒಂದು ಯೋಜನೆ ಬರೆದು, ಅದನ್ನು ಚಾಟ್‌ಬಾಟ್‌ಗೆ ಕೊಟ್ಟು, ‘ಯಾವ ಹಂತದಲ್ಲಿ ಮಕ್ಕಳು ಹಿಂದುಳಿಯಬಹುದು? ಯಾವ ಪ್ರಶ್ನೆ ಗುರಿಯನ್ನು ಅಳೆಯುತ್ತಿಲ್ಲ?’ ಎಂದು ಕೇಳುವುದು ಮೇಲು.

ಪಾಠ ಮುಗಿದ ಮೇಲೂ ಒಂದು ಸಣ್ಣ ಕೆಲಸ ಉಳಿದಿರುತ್ತದೆ. ಕೊನೆಯ ಐದು ನಿಮಿಷದಲ್ಲಿ ಕೇಳಿದ ಪ್ರಶ್ನೆಗೆ ಎಷ್ಟು ಮಕ್ಕಳು ಯಾವ ಉತ್ತರ ಆರಿಸಿದರೆಂಬ ಎಣಿಕೆಯನ್ನು, ಹೆಸರುಗಳಿಲ್ಲದೆ, ಮರುದಿನದ ಕೋರಿಕೆಯ ಮೊದಲ ಸಾಲಾಗಿ ಬರೆಯಬಹುದು: ‘30 ಮಕ್ಕಳಲ್ಲಿ 17 ಜನ ಸರಿಯುತ್ತರ, 9 ಜನ 0.4, ನಾಲ್ವರು 0.625 ಆರಿಸಿದ್ದಾರೆ; ನಾಳೆಯ ಮೊದಲ ಹತ್ತು ನಿಮಿಷಕ್ಕೆ, 0.4 ಆರಿಸಿದವರ ಯೋಚನೆಯನ್ನು ಎದುರಿಸುವ ಎರಡು ಉದಾಹರಣೆ ಕೊಡು.’ ಇದನ್ನು ಹಳೆಯ ಸಂವಾದದ ಬುಡಕ್ಕೇ ಸೇರಿಸುವುದಕ್ಕಿಂತ ಹೊಸ ಸಂವಾದವನ್ನು ತೆರೆಯುವುದು ಒಳಿತು, ಏಕೆಂದರೆ ಮಾತುಕತೆ ಬಹಳ ಉದ್ದವಾದಾಗ ಮೊದಲು ಹೇಳಿದ ಷರತ್ತುಗಳು ಉತ್ತರಗಳಲ್ಲಿ ಸಡಿಲಗೊಳ್ಳತೊಡಗುತ್ತವೆ. ಗುರಿ, ಪೂರ್ವಜ್ಞಾನ, ಪಾರಿಭಾಷಿಕ ಪದಗಳ ಪಟ್ಟಿ ಇವನ್ನು ಒಂದು ಕಡತದಲ್ಲಿ ಇಟ್ಟುಕೊಂಡಿದ್ದರೆ ಪ್ರತಿ ಸಲ ಅದನ್ನು ನಕಲಿಸಿ ಅಂಟಿಸಲು ಕ್ಷಣ ಸಾಕು. ಮುಂದಿನ ವರ್ಷ ಅದೇ ಪಾಠ ಬಂದಾಗ ತಿದ್ದಬೇಕಾದದ್ದು ಮಕ್ಕಳ ಬಗ್ಗೆ ಬರೆದ ಸಾಲುಗಳನ್ನು ಮಾತ್ರ.